ಟ್ಯೂಬಾ ಹೊತ್ತು ಗುಂಪು ಹುಡುಕಿದ್ದು

ಕುಡಿತ ಬಿಟ್ಟವರ ಗುಂಪಿಗೆ ಸೇರಲು ಹೊರಟವನು ಹೆಗಲಿಗೆ ಟ್ಯೂಬಾ ಏರಿಸಿಕೊಂಡು ಹೋಗುತ್ತಾನೆಯೇ? ಎಲೀಹಿಯೊ ಹೋದ. ಬರಿಗೈಯಲ್ಲಿ ಹೋದರೆ ಎಲ್ಲಿಗೆ ಎಂದು ಊರೇ ಕೇಳುತ್ತದೆ, ಟ್ಯೂಬಾ ಇದ್ದರೆ ಯಾರೂ ಕೇಳುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಸಾನ್ ಬಾರ್ತೊಲೊ ಊರಿನ ಬ್ಯಾಂಡಿನಲ್ಲಿ ಮೀಸೆ ಮೂಡಿದಾಗಿನಿಂದ ಆ ಭಾರಿ ತುತ್ತೂರಿಯನ್ನು, ಹಿತ್ತಾಳೆಯ ಆನೆಯನ್ನು, ಊದಿದವನು. ಅದಿಲ್ಲದೆ ಬೀದಿಗಿಳಿದರೆ ಜನಕ್ಕೆ ಅವನ ಗುರುತೇ ಹತ್ತುತ್ತಿರಲಿಲ್ಲ.

ಟ್ಯೂಬಾದ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಅಣ್ಣನ ಮಗನ ಮದುವೆಯಲ್ಲಿ ಮೆಸ್ಕಾಲ್ ಸಾರಾಯಿ ತಲೆಗೇರಿ, ಇವನೂ ಟ್ಯೂಬಾನೂ ಒಟ್ಟಿಗೆ ಕೇಕಿನ ಮೇಜಿನ ಮೇಲೆ ಬಿದ್ದ ಗುರುತು ಅದು. ಊರೆಲ್ಲ ನಕ್ಕಿತು. ಮಗಳು ಇರಿನೇಯಾ ನಗಲಿಲ್ಲ. ಈಗ ಫೆಬ್ರವರಿಯಲ್ಲಿ ಅವಳದೇ ಮದುವೆ. ಮೊನ್ನೆ ಟೋರ್ಟಿಯಾ ರೊಟ್ಟಿ ಬೇಯಿಸುತ್ತಾ, ತಿರುಗಿಯೂ ನೋಡದೆ ಅಂದಿದ್ದಳು:

"ಅಪ್ಪಾ, ನನ್ನ ಮದುವೇಲಿ ನೀನು ಊದಬೇಡ. ಪಕ್ಕದೂರಿನವರನ್ನ ಕರೆಸ್ತೀನಿ. ನೀನು ಸುಮ್ನೆ ಕೂತು ಊಟ ಮಾಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಊಟ ಮಾಡು ಎಂದದ್ದು ಕರುಳಿಗೇ ಚುಚ್ಚಿತು. ಮಗಳನ್ನು ಚರ್ಚಿಗೆ ಕರೆದೊಯ್ಯುವ ಮೆರವಣಿಗೆಯಲ್ಲಿ ಯಾವನೋ ಟ್ಯೂಬಾ ಊದುತ್ತಿದ್ದರೆ ಇವನ ಗಂಟಲಲ್ಲಿ ತುತ್ತು ಇಳಿಯುವುದುಂಟೇ?

ಗುಂಪು ಗುರುವಾರ ಸಂಜೆ ಕೆಳಪೇಟೆಯಲ್ಲಿ ಸೇರುತ್ತದೆ ಎಂದಷ್ಟೇ ಗೊತ್ತಿತ್ತು. ಬೇಕರಿಯ ಪ್ರಿಸ್ಕಾಳನ್ನು ಕೇಳಿದ.

"ಪ್ರಿಸ್ಕಕ್ಕಾ, ಆ ಗುಂಪು ಎಲ್ಲಿ ಸೇರ್ತದೆ?"

"ಯಾವ ಗುಂಪು?"

"ಅದೇ... ಗುಂಪು."

ಆ ಊರಿನಲ್ಲಿ ಗುಂಪು ಎಂದರೆ ಎರಡು. ಒಂದು ಕುಡಿಯುವುದನ್ನು ಬಿಟ್ಟವರದು, ಇನ್ನೊಂದು ಕುಂಬಿಯಾ ಎಂಬ ಕುಣಿತದ ಹಾಡು ಬಾರಿಸುವವರದು. ಕೇಳುವವನ ಹೆಗಲ ಮೇಲೆ ಟ್ಯೂಬಾ ಕೂತಿದ್ದರೆ ಪಾಪ, ಅವಳಾದರೂ ಏನೆಂದುಕೊಂಡಾಳು.

"ಈ ವಯಸ್ಸಲ್ಲಿ ಸೇರ್ಕೊಳ್ತಿದೀಯಾ? ಸೇರು, ಸೇರು. ಗಿರಣಿ ಹಿಂದೆ ಹಸಿರು ಬಾಗಿಲು. ಒಳ್ಳೆ ಹುಡುಗರು."

ಹಸಿರು ಬಾಗಿಲು ತಳ್ಳಿದರೆ ಒಳಗೆ ಡ್ರಮ್ಮು, ಕೀಬೋರ್ಡು, ಹೊಗೆ. ಹಾಡುಗಾರ ವೆನಾನ್ಸಿಯೊ ಓಡಿಬಂದು ತಬ್ಬಿಕೊಂಡ. "ಬಂದ್ಯಾ ಮಾರಾಯಾ. ಒಂದು ಟ್ಯೂಬಾ ಇದ್ದಿದ್ರೆ ಅಂತ ಈಗ ತಾನೇ ಅಂತಿದ್ವಿ." ಕೂರುವ ಮೊದಲೇ ಕೈಗೆ ಲೋಟ ಬಂತು.

ಇದೂ ಕುಡಿತ ಬಿಡಿಸುವ ಕ್ರಮವೇ ಇರಬೇಕು, ಮುಳ್ಳಿನಿಂದ ಮುಳ್ಳು ತೆಗೆಯುವ ಹಾಗೆ ಎಂದು ಒಂದು ಗಳಿಗೆ ಎಲೀಹಿಯೊ ನಿಜವಾಗಿಯೂ ನಂಬಿದ. ನಂಬಲು ಅವನಿಗೂ ಮನಸ್ಸಿತ್ತು. ಮೆಸ್ಕಾಲಿನ ವಾಸನೆಗೆ ಬಾಯಲ್ಲಿ ನೀರೂರಿತು. ಕೈ ತಾನಾಗಿಯೇ ಮೇಲೇರತೊಡಗಿತು. ಅಷ್ಟರಲ್ಲಿ ಟ್ಯೂಬಾದ ಸೊಟ್ಟ ಅಂಚು ಅವನ ಕಿವಿಗೆ ತಾಗಿತು. ಭಯವಾಯಿತು, ತನ್ನ ಕೈಯ ಬಗ್ಗೆಯೇ ಭಯ.

"ವೆನಾನ್ಸಿಯೊ," ಎಂದ. "ನಾನು ಹುಡುಕ್ಕೊಂಡು ಬಂದದ್ದು ಕುಡಿಯೋದು ಬಿಟ್ಟವರ ಗುಂಪನ್ನ."

ಡ್ರಮ್ಮು ನಿಂತಿತು. ಯಾರೂ ನಗಲಿಲ್ಲ. ವೆನಾನ್ಸಿಯೊ ಅವನ ಕೈಯಿಂದ ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಟ್ಟ.

"ಮೊದಲೇ ಹೇಳೋದಲ್ವಾ? ಅವರು ಪಕ್ಕದ ಕೋಣೇಲಿ. ಸದ್ದು ಕಮ್ಮಿ ಮಾಡ್ರೋ ಅಂತ ಗುರುವಾರ ಗುರುವಾರ ಗೋಡೆ ಬಡೀತಾರೆ." ಅವನೇ ಮುಂದೆ ನಡೆದು ಪಕ್ಕದ ಬಾಗಿಲು ತಟ್ಟಿದ. "ತಗೊಳ್ಳಿ, ನಿಮ್ಮ ಗಿರಾಕಿ ನಮ್ಮಲ್ಲಿಗೆ ಬಂದುಬಿಟ್ಟಿದ್ದ."

ಬಾಗಿಲು ತೆರೆದವನು ನಬೋರ್, ಪ್ರಿಸ್ಕಾಳ ಗಂಡ. ಗುರುವಾರ ಅವನು ಚರ್ಚಿನ ಜಪಮಾಲೆ ಪ್ರಾರ್ಥನೆಗೆ ಹೋಗುತ್ತಾನೆ ಎಂದು ಪ್ರಿಸ್ಕಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ನಿನ್ನ ಹೆಂಡ್ತಿನೇ ನನ್ನನ್ನ ಅಲ್ಲಿಗೆ ಕಳ್ಸಿದ್ದು," ಎಂದ ಎಲೀಹಿಯೊ.

"ಅವಳು ನನ್ನ ಗುಟ್ಟು ಕಾಪಾಡೋದ್ರಲ್ಲಿ ಗಟ್ಟಿ. ಬಾ ಒಳಗೆ. ಟ್ಯೂಬಾನೂ ಕುರ್ಚಿ ಮೇಲೆ ಕೂರಿಸು. ಅದೂ ಕುಡಿದು ಬಿದ್ದಿದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕೇಕಿನ ಕಥೆಗೆ ತಾನೂ ನಗಬಹುದು ಎಂದು ಎಲೀಹಿಯೊಗೆ ಅಂದು ಮೊದಲ ಸಲ ಅನ್ನಿಸಿತು. ದಾಲ್ಚಿನ್ನಿ ಹಾಕಿ ಕುದಿಸಿದ ಕಾಫಿ ಕೊಟ್ಟರು. ಮಾತಾಡುವ ಸರದಿ ಬಂದಾಗ ಹೆಸರು ಹೇಳಿ, ಮಗಳು ಊಟ ಮಾಡು ಎಂದಳು ಎನ್ನುವಷ್ಟರಲ್ಲಿ ಅಳು ಬಂತು. ಯಾರೂ ಬುದ್ಧಿ ಹೇಳಲಿಲ್ಲ. ನಬೋರ್ ಇನ್ನೊಂದು ಲೋಟ ಕಾಫಿ ತುಂಬಿಸಿದ. ಗೋಡೆಯಾಚೆ ಕುಂಬಿಯಾ ಅಂದು ತಾನಾಗಿಯೇ ಸದ್ದು ತಗ್ಗಿಸಿತ್ತು.

ಬೆಟ್ಟದ ಮೇಲಿನ ಮನೆ ಬಾಗಿಲಲ್ಲಿ ಇರಿನೇಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬೇಕರಿಯ ಸುದ್ದಿ ಅವನಿಗಿಂತ ಮೊದಲೇ ಬೆಟ್ಟ ಹತ್ತಿತ್ತು.

"ಕುಂಬಿಯಾದವರ ಹತ್ರ ಹೋಗಿದ್ಯಂತೆ?"

"ಹೋಗಿದ್ದೆ. ಅಲ್ಲಿಂದ ಪಕ್ಕದ ಕೋಣೆಗೆ ಹೋದೆ."

ಪಕ್ಕದ ಕೋಣೆ ಯಾರದೆಂದು ಅವಳಿಗೆ ಗೊತ್ತಿತ್ತು. ನಂಬಲಿಲ್ಲ. ಹತ್ತಿರ ಬಂದು, ಸಣ್ಣವಳಿದ್ದಾಗಿನಿಂದ ರೂಢಿಯಾದ ಹಾಗೆ ಅವನ ಬಾಯಿಯ ವಾಸನೆ ನೋಡಿದಳು. ಕಾಫಿ, ದಾಲ್ಚಿನ್ನಿ. ಇನ್ನೊಮ್ಮೆ ಮೂಸಿದಳು. ಮುಖ ಸಡಿಲವಾಯಿತು, ಆದರೆ ದನಿಯನ್ನು ಸಡಿಲ ಬಿಡಲಿಲ್ಲ.

"ಮುಂದಿನ ಗುರುವಾರ ಟ್ಯೂಬಾ ಮನೇಲೇ ಬಿಟ್ಟು ಹೋಗು."

"ಜನ ಕೇಳ್ತಾರಲ್ಲೇ, ಎಲ್ಲಿಗೆ ಅಂತ."

"ಕೇಳಿದ್ರೆ ಹೇಳು." ಅವನ ಹೆಗಲಿಂದ ಟ್ಯೂಬಾ ಇಳಿಸಿಕೊಂಡು, ಸೊಟ್ಟಗಾದ ಅಂಚಿನ ಮೇಲೆ ಬೆರಳಾಡಿಸಿದಳು. "ಇದನ್ನ ತಗಡಿನವನಿಗೆ ಕೊಟ್ಟು ನೆಟ್ಟಗೆ ಮಾಡಿಸ್ತೀನಿ. ಸೊಟ್ಟ ಟ್ಯೂಬಾ ಹಿಡ್ಕೊಂಡು ನನ್ನ ಮುಂದೆ ಚರ್ಚಿಗೆ ನಡೀಬೇಡ ನೀನು."