ಇಲ್ಲದ ಇರುವೆಗಳು

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಗಾದರೆ ಗಂಡ ಹೆಂಡತಿ ಮೇಜಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಇವಳು ನೀರು ಚಿಮುಕಿಸಿ ಬಟ್ಟೆ ಹರಡುವುದು, ಅವನು ಇಸ್ತ್ರಿ ಪೆಟ್ಟಿಗೆ ಎಳೆಯುವುದು. ಕೈಗೆ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಅದೇ ಹಳೇ ಜಗಳ. ಆಡಿ ಆಡಿ ಇಬ್ಬರಿಗೂ ಸಾಕಾಗಿ ಹೋಗಿತ್ತು.

“ಸಂಜೆ ಆದ್ರೆ ಸಾಕು, ಬಾಟ್ಲಿ ನಿಮ್ಮನ್ನ ಹೆಸರಿಟ್ಟು ಕರೆಯುತ್ತೆ.”

“ನಿನ್ನನ್ನ ಮಾತ್ರೆ ಕರೆಯಲ್ವಾ? ಡಬ್ಬಿ ಖಾಲಿಯಾದ ದಿನ ಮನೇನೇ ತಲೆಕೆಳಗು ಮಾಡ್ತೀಯ.”

“ಅದು ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆ, ರೀ. ನಿಮ್ಮ ಹಾಗೆ ಅಮಲಿಗಲ್ಲ.”

“ಬರೆದುಕೊಟ್ಟಿದ್ದು ಯಾವಾಗ? ಮಗಳ ಮದುವೆಗೂ ಮುಂಚೆ. ಈಗ ಅವಳ ಮಗ ಸ್ಕೂಲಿಗೆ ಹೋಗ್ತಾನೆ!”

ಅದು ನಿಜವೇ. ತಾಯಿ ತೀರಿಕೊಂಡಾಗ ಕಣ್ಣು ಮುಚ್ಚಲಾಗದೆ ಒದ್ದಾಡುತ್ತಿದ್ದವಳಿಗೆ ಡಾಕ್ಟರು ಕೆಲವೇ ದಿನಕ್ಕೆಂದು ಕೊಟ್ಟಿದ್ದ ಮಾತ್ರೆ. ಆಮೇಲೆ ಔಷಧಿ ಅಂಗಡಿಯವನು ಚೀಟಿ ಕೇಳದೆ ಮುಖ ನೋಡಿಯೇ ಕೊಡತೊಡಗಿದ. ಅರ್ಧ ಇದ್ದದ್ದು ಒಂದಾಯಿತು, ಒಂದು ಎರಡಾಯಿತು. ಈಗ ಎರಡು ನುಂಗಿದರೂ ನಿದ್ದೆ ಅಷ್ಟಕ್ಕಷ್ಟೇ. ಬೆಳಿಗ್ಗೆ ಎದ್ದರೆ ತಲೆ ನೆನೆದ ಕಂಬಳಿಯಷ್ಟು ಭಾರ.

ಒಂದು ದಿನ ರೋಸಿಹೋಗಿ ಅವಳೇ ಪಂದ್ಯ ಕಟ್ಟಿದಳು. “ನೀವೂ ಬಿಡಿ, ನಾನೂ ಬಿಡ್ತೀನಿ. ಯಾರು ಮೊದಲು ಸೋಲ್ತಾರೋ ನೋಡೇಬಿಡೋಣ.” ಬಾಟಲಿಯನ್ನು ಮೋರಿಗೆ ಸುರಿದಳು. ಅವನು ಅವಳ ಮಾತ್ರೆಗಳನ್ನು ಕಸದ ಗಾಡಿಗೆ ಎಸೆದ. ಇಬ್ಬರೂ ಎದೆ ಸೆಟೆಸಿಕೊಂಡು ಕೆಲಸಕ್ಕೆ ನಿಂತರು.

ಮಾರನೆಯ ದಿನವೇ ಅವಳ ಕೈ ನಡುಗತೊಡಗಿತು. ನೀರು ಚಿಮುಕಿಸಬೇಕಾಗಿಯೇ ಇರಲಿಲ್ಲ, ತಾನಾಗಿಯೇ ತುಳುಕುತ್ತಿತ್ತು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿಕೊಂಡಿತ್ತು. ಆದರೂ ಸೋತೆ ಎನ್ನಲು ಯಾರೂ ತಯಾರಿಲ್ಲ.

ಅದರ ಮರುದಿನ ಅವನು ಒಂದು ಬಿಳಿ ಕೋಟನ್ನು ಅಂಗೈಯಿಂದ ಉಜ್ಜಿ ಉಜ್ಜಿ ಕೊಡವತೊಡಗಿದ. “ಇರುವೆ ಕಣೇ! ಕೊಡವಿದಷ್ಟೂ ಬರ್ತಿವೆ!”

ಕೋಟಿನ ಮೇಲೆ ಒಂದೂ ಇರುವೆ ಇರಲಿಲ್ಲ.

“ನಾಟಕ ಸಾಕು ಮಾಡಿ. ಒಂದು ಗುಟುಕು ಬೇಕು ಅಂತ ಬಾಯಿ ಬಿಟ್ಟು ಹೇಳಿ, ಸೋತೆ ಅಂತ ಒಪ್ಕೊಳ್ಳಿ,” ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ತನ್ನ ತೋಳನ್ನೇ ದಿಟ್ಟಿಸಿದ. “ಇಲ್ಲೂ ಹತ್ತಿದವು,” ಎನ್ನುತ್ತ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಆ ತೋಳಿನ ಕಡೆಗೇ ಎತ್ತಿದ.

ಅವಳು ಬಟ್ಟೆ ಬಿಸುಟು ಮೇಜು ಸುತ್ತಿ ಧಾವಿಸಿದಳು. ನಡುಗುವ ಎರಡೂ ಕೈಗಳಿಂದ ಅವನ ಮುಂಗೈ ಹಿಡಿದು ಜೋತುಬಿದ್ದಳು. ತನ್ನ ಆ ಬಿಳಿ ಕೋಟು ಒಯ್ಯಲು ಆಗಷ್ಟೇ ಬಂದ, ಹತ್ತಿರದ ಆಸ್ಪತ್ರೆಯ ನರ್ಸಮ್ಮ ಓಡಿಬಂದು ಪ್ಲಗ್ ಕಿತ್ತು, ಪೆಟ್ಟಿಗೆ ಕಸಿದಿಟ್ಟಳು. “ಅಕ್ಕಾ, ಇವರು ದಿಢೀರಂತ ಕುಡಿಯೋದು ಬಿಟ್ರಾ? ಆಟೋ ಕರೀರಿ. ಇದು ಪ್ರಾಣಕ್ಕೇ ಬರುತ್ತೆ!”

ಆಸ್ಪತ್ರೆಯಲ್ಲಿ ಅವನಿಗೆ ಸೂಜಿ ಚುಚ್ಚಿ ಮಲಗಿಸಿದರು. ಹೊರಗಿನ ಬೆಂಚಿನಲ್ಲಿ ಇಸ್ತ್ರಿಯಕ್ಕ ಕುಸಿದು ಕೂತಳು.

“ಬಿಡೋದು ಒಳ್ಳೇದು ತಾನೇ, ನರ್ಸಮ್ಮಾ? ಮತ್ಯಾಕೆ ಹೀಗಾಯ್ತು?”

“ಬಿಡೋದು ಒಳ್ಳೇದೇ. ಬಿಡೋ ರೀತಿ ತಿಳಿದಿರಬೇಕು. ರೇಷ್ಮೆಗೂ ಹತ್ತಿಗೂ ನೀವು ಒಂದೇ ಕಾವು ಕೊಡ್ತೀರಾ?”

“ಕೊಟ್ರೆ ಸುಟ್ಟು ಹೋಗುತ್ತೆ.”

“ಇದೂ ಹಾಗೇ. ಹೊಗೆಸೊಪ್ಪು, ಬೀಡಿ ಒಮ್ಮೆಲೇ ಬಿಟ್ರೆ ಸಿಟ್ಟು, ಚಡಪಡಿಕೆ. ಗಾಂಜಾ ಬಿಟ್ರೆ ನಿದ್ದೆ ಊಟ ಸೇರಲ್ಲ. ನಿದ್ದೆಗೆಟ್ಟು ದುಡಿಯೋಕೆ ನುಂಗೋ ಚುರುಕಿನ ಮಾತ್ರೆ ಬಿಟ್ರೆ ಮನಸ್ಸು ಪಾತಾಳಕ್ಕಿಳಿಯುತ್ತೆ. ಅಫೀಮಿನ ಜಾತಿಯ ನೋವಿನ ಮಾತ್ರೆ, ಬ್ರೌನ್ ಶುಗರ್ ಥರದ ಪುಡಿ ಇವೆಯಲ್ಲ, ಅವನ್ನ ಬಿಟ್ರೆ ಮೈಯೆಲ್ಲ ಹಿಂಡಿ ಹಾಕುತ್ತೆ. ಬಿಟ್ಟು ಕೆಲವು ದಿನದ ಮೇಲೆ ಹಳೇ ಅಳತೇಲಿ ತಗೊಂಡ್ರೆ ಉಸಿರೇ ನಿಲ್ಲಬಹುದು. ದಿನಾ ಕುಡಿಯೋರು ತಟ್ಟಂತ ನಿಲ್ಲಿಸಿದ್ರೆ ಇಲ್ಲದ್ದು ಕಾಣಬಹುದು, ಫಿಟ್ಸ್ ಬರಬಹುದು.” ನರ್ಸಮ್ಮ ಅವಳ ಕೈ ನೋಡಿದಳು. “ನಿಮಗ್ಯಾಕಕ್ಕಾ ಈ ನಡುಕ?”

ಇಸ್ತ್ರಿಯಕ್ಕ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಇಬ್ಬರೂ ಪಂದ್ಯ ಕಟ್ಟಿದ್ವಿ, ನಾನೂ ಬಿಟ್ಟೆ. ನಿದ್ದೆ ಮಾತ್ರೆ. ಅದು ಔಷಧಿ ಅಲ್ವಾ?”

“ಔಷಧಿಯೇ. ಅದಕ್ಕೂ ಮೈ ಕಟ್ಟುಬೀಳುತ್ತೆ. ಥಟ್ಟನೆ ಬಿಟ್ರೆ ನಿಮಗೂ ಫಿಟ್ಸ್ ಬರಬಹುದು. ಏಳಿ, ಈಗಲೇ ಡಾಕ್ಟರನ್ನ ನೋಡೋಣ.”

“ಅಯ್ಯೋ, ಇಷ್ಟು ವರ್ಷ ಅವರನ್ನ ಕುಡುಕ ಅಂತ ಬೈದೆನಲ್ಲ, ನನಗೂ ಚಟವೇ ಹತ್ತಿತ್ತು,” ಎಂದಳು ಅವಳು. ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಡಾಕ್ಟರು ಬಯ್ಯಲಿಲ್ಲ. ಅವಳ ಮಾತ್ರೆಯನ್ನು ಚೂರು ಚೂರೇ ಇಳಿಸುತ್ತ ಬಂದರು. ಅವನು ಕೆಲವು ದಿನ ಆಸ್ಪತ್ರೆಯಲ್ಲೇ ಇದ್ದು, ಕುಡಿತ ಬಿಟ್ಟು ಮನೆಗೆ ಬಂದ. ಅದು ಇನ್ನೂ ಮುಗಿಯದ ದಾರಿ. ಕೆಲವು ರಾತ್ರಿ ಇಬ್ಬರೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾರೆ. ಆದರೆ ಈಗ ಮೇಜಿನ ಎರಡು ಕಡೆಯಿಂದ ಬೈಗುಳ ಹಾರುವುದಿಲ್ಲ.

“ಪಂದ್ಯ ಯಾರು ಗೆದ್ರಿ?” ಎಂದು ನರ್ಸಮ್ಮ ಕೋಟು ಒಯ್ಯಲು ಬಂದಾಗ ಕೇಳಿದಳು.

“ಇವಳೇ. ನನ್ನ ಕೈ ಬಿಡಲಿಲ್ಲವಲ್ಲ,” ಎಂದ ಅವನು ತೋಳು ಸವರಿಕೊಳ್ಳುತ್ತ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬೈದು ಬೈದು ನೀವೂ ದಣಿದಿರಬಹುದು. ಬಚ್ಚಿಟ್ಟು ಬಚ್ಚಿಟ್ಟು ದಣಿದವರೂ ನಿಮ್ಮಲ್ಲಿರಬಹುದು. ಚಟ ನಾಚಿಕೆಪಡುವ ಪಾಪವಲ್ಲ, ವಾಸಿ ಮಾಡಿಸಿಕೊಳ್ಳಬಹುದಾದ ಕಾಯಿಲೆ. ಡಾಕ್ಟರನ್ನು ಕೇಳದೆ ಹಳೆಯ ಚೀಟಿಯ ಮಾತ್ರೆ ಮುಂದುವರಿಸಬೇಡಿ, ಇನ್ನೊಬ್ಬರ ಮಾತ್ರೆ ನುಂಗಬೇಡಿ. ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಏನು ತೆಗೆದುಕೊಳ್ಳುತ್ತೀರಿ, ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಿಮ್ಮವರೊಬ್ಬರ ಕೈ ಹಿಡಿದುಕೊಂಡು ಹೋಗಿ. ಆ ಕೈ ನಡುಗುತ್ತಿದ್ದರೂ ಚಿಂತೆಯಿಲ್ಲ.