ಅತ್ತಿಗೆ ನಾದಿನಿಯರಿಗೆ ರೂಮು ಹುಡುಕಿದ್ದು

1

ಎಲ್ಲಿಂದ ಶುರು ಮಾಡಲಿ? ಹೋಟೆಲಿನ ತಿರುಗುವ ಬಾಗಿಲಿನಿಂದ ಒಂದು ಸಲ ಶುರು ಮಾಡಿದೆ. ಬಾಗಿಲು ಚೆನ್ನಾಗಿಯೇ ತಿರುಗಿತು. ಒಳಗೆ ಹೋದ ಅತ್ತಿಗೆ ಒಂದು ಸುತ್ತು ಹಾಕಿ ಮತ್ತೆ ಹೊರಗೇ ಬಂದು ನಿಂತಳು, ಪ್ಯಾರಾ ಅಲ್ಲಿಗೇ ಮುಗಿಯಿತು. ಆಮೇಲೆ ಆಕಾಶದಿಂದ ಶುರು ಮಾಡಿದೆ. ಆ ದಿನ ಆಕಾಶದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದ್ದರಿಂದ ಓದುಗರೇ, ಸುತ್ತಿ ಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಒಬ್ಬ ಅತ್ತಿಗೆ, ಒಬ್ಬ ನಾದಿನಿ. ಇಬ್ಬರೂ ದೊಡ್ಡ ಊರಿಗೆ ಕೆಲಸಕ್ಕೆ ಬಂದಿದ್ದಾರೆ. ಆರೇಳು ತಿಂಗಳು ತಂಗಲು ಅವರಿಗೊಂದು ಹೋಟೆಲು ಬೇಕು.

(ಹೋಟೆಲು ಎಂದರೆ ತಿಂದು ಎದ್ದು ಹೋಗುವ ಹೋಟೆಲಲ್ಲ, ಮಲಗಿ ಏಳುವ ಹೋಟೆಲು. ಲಾಡ್ಜ್ ಎಂದು ಬರೆಯೋಣವೆಂದರೆ ಅತ್ತಿಗೆ ಒಪ್ಪಲಿಲ್ಲ. ಆ ಪದಕ್ಕೆ ಮರ್ಯಾದೆ ಕಮ್ಮಿಯಂತೆ.)

2

ಇಬ್ಬರದೂ ಮೆತ್ತೆಯ ಕೆಲಸ. ಹಾಸಿಗೆ, ಸೋಫಾ, ಕುರ್ಚಿ, ಒಟ್ಟಿನಲ್ಲಿ ಜನ ಕೂರುವುದಕ್ಕೂ ಮಲಗುವುದಕ್ಕೂ ಬೇಕಾದ ಮೆತ್ತನೆಯ ಸಾಮಾನನ್ನೆಲ್ಲ ತುಂಬಿ ಹೊಲಿಯುವವರು. ಊರಿನ ನಡುವೆ ಮುಚ್ಚಿಹೋಗಿದ್ದ ಹಳೆಯ ನಾಟಕದ ಥಿಯೇಟರೊಂದು ಮತ್ತೆ ತೆರೆಯಲಿದೆ. ಅದರ ಅಷ್ಟೂ ಕುರ್ಚಿಗಳಿಗೆ ಹೊಸದಾಗಿ ಕುದುರೆಕೂದಲು ತುಂಬಿ, ಅದು ಒಳಗೆ ಸರಿಯದ ಹಾಗೆ ಮೇಲೆ ಗುಂಡಿ ಕೂರಿಸಿ ಕೊಡಬೇಕು. ಗುಂಡಿ ಕೂರಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಒಬ್ಬರು ಮೇಲಿನಿಂದ ದಬ್ಬಣ ಚುಚ್ಚಿದರೆ, ಇನ್ನೊಬ್ಬರು ಕುರ್ಚಿಯ ಕೆಳಗೆ ಕೂತು ಅದನ್ನು ಹಿಡಿದು ವಾಪಸು ಕಳಿಸಬೇಕು. ಆಮೇಲೆ ಇಬ್ಬರೂ ಹುರಿಯನ್ನು ಒಂದೇ ಬಿಗಿಯಲ್ಲಿ ಎಳೆಯಬೇಕು. ಒಬ್ಬರ ಕೈ ಹೆಚ್ಚಾದರೆ ಬಟ್ಟೆ ಹರಿಯುತ್ತದೆ, ಕಮ್ಮಿಯಾದರೆ ಗುಂಡಿ ಜೋತುಬೀಳುತ್ತದೆ.

ಅತ್ತಿಗೆಯ ಕೈಗೆ ಹೊಂದುವ ಕೈ ಒಂದೇ ಇತ್ತು, ಅದು ನಾದಿನಿಯದು. ಮದುವೆಯಾಗಿ ಆ ಮನೆಗೆ ಬಂದಾಗ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಗಂಡನ ತಂಗಿಯನ್ನು ತನ್ನ ಮೆತ್ತೆಯಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊಲಿಗೆ ಕಲಿಸಿದವಳು ಅವಳೇ. ಆಮೇಲೆ ಗಂಡ ತೀರಿಕೊಂಡ. ಅದರ ಹಿಂದೆಯೇ ಅತ್ತಿಗೆ ನಾದಿನಿಯರ ಮಾತು ನಿಂತಿತು. ನಾದಿನಿ ಬೇರೆ ಊರಿಗೆ ಹೋಗಿ ಯಾರದೋ ಕಾರ್ಖಾನೆಯಲ್ಲಿ ಸೇರಿಕೊಂಡಳು. ವರ್ಷಗಳೇ ಕಳೆದವು.

ಈಗ ಅತ್ತಿಗೆ ನೆಂಟರ ಕಡೆಯಿಂದ ಹೇಳಿಕಳಿಸಿದ್ದಾಳೆ, ನಾದಿನಿ ಬಂದಿದ್ದಾಳೆ. ಆದರೆ ಸಂಜೆ ರೈಲಿಗೆ ವಾಪಸು ಟಿಕೆಟ್ಟನ್ನೂ ತೆಗೆಸಿಕೊಂಡೇ ಬಂದಿದ್ದಾಳೆ. ಇರುವ ಜಾಗ ಮನಸ್ಸಿಗೆ ಬಂದರೆ ಉಳಿಯುತ್ತಾಳಂತೆ, ಇಲ್ಲದಿದ್ದರೆ ಇಲ್ಲವಂತೆ. ಅತ್ತಿಗೆಗೆ ಕೆಲಸ ತಪ್ಪೀತು ಎಂಬ ಭಯ ಇದೆ. ಅದಕ್ಕಿಂತ ದೊಡ್ಡ ಭಯ, ಈ ಹುಡುಗಿ ಇನ್ನೊಂದು ಸಲ ತಪ್ಪಿಹೋದಾಳು ಎಂಬುದು. ತನ್ನವರು ಎಂದು ಹೇಳಿಕೊಳ್ಳಲು ಅವಳಿಗೆ ಉಳಿದಿರುವುದು ಇವಳೊಬ್ಬಳೇ.

3

ಜಗಳಕ್ಕೆ ಕಾರಣ ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕಟ್ಟುವುದು ನಮ್ಮ ಕಸುಬು. ಒಂದು ಸೈಟು, ಎರಡು ಎಳೆ ಸರ, ಒಂದು ಸುಳ್ಳು ಸಹಿ ಎಂದು ಬರೆಯುತ್ತಿದ್ದೆ. ಅತ್ತಿಗೆ ತಡೆದಳು.

“ನಮ್ಮ ಮನೇಲಿ ಆಸ್ತಿ ಇದ್ದಿದ್ರೆ ತಾನೇ, ಬರೆಯೋರೇ, ಜಗಳ ಆಡೋದಕ್ಕೆ? ಅಳಿಸಿ ಅದನ್ನ.”

ಅಳಿಸಿದೆ. ಹಾಗಾದರೆ ಕಾರಣ ಏನು ಎಂದು ಕೇಳಿದರೆ ಅವಳು ಚೀಲದ ಜಿಪ್ಪು ಸರಿಮಾಡಿಕೊಳ್ಳುತ್ತಾ ಕೂತಳು. ನಾದಿನಿಯನ್ನು ಕೇಳುವುದು ನನಗೂ ಹೊಳೆಯಲಿಲ್ಲ. (ಇದನ್ನು ಗಮನಿಸಿ. ನಾನು ಆಗ ಗಮನಿಸಿರಲಿಲ್ಲ.)

3 (ಮತ್ತೆ)

ಮೊದಲ ಹೋಟೆಲು ಥಿಯೇಟರಿಗೆ ಹತ್ತಿರದ್ದು, ಎತ್ತರದ್ದು. ರಿಸೆಪ್ಶನ್ನಿನಲ್ಲಿ ಕೂತ ಹುಡುಗಿ ನಗುವುದಕ್ಕೆಂದೇ ತರಬೇತಿ ಪಡೆದವಳು. ಮೇಲಿನ ಮಹಡಿಯ ರೂಮಿನ ಕಿಟಕಿಯಾಚೆ ನಾನು ಒಂದು ಸಮುದ್ರವನ್ನೂ, ಸಮುದ್ರದಲ್ಲಿ ಒಂದು ಒಂಟಿ ದೋಣಿಯನ್ನೂ ಇಟ್ಟಿದ್ದೆ. ಕಿಟಕಿ ತೆಗೆಯುವುದಕ್ಕೇ ಬರುವುದಿಲ್ಲವಲ್ಲ, ಸಮುದ್ರ ಕಟ್ಟಿಕೊಂಡು ಏನು ಮಾಡಲಿ ಎಂದಳು ಅತ್ತಿಗೆ. ಆರು ತಿಂಗಳು ಮುಚ್ಚಿದ ಗಾಳಿಯಲ್ಲಿ ಇರುವುದಕ್ಕೆ ತಾನೇನು ಡಬ್ಬಿಯೊಳಗಿನ ಬಿಸ್ಕತ್ತೇ ಎಂದೂ ಕೇಳಿದಳು. ರೂಮು ಬೇಡವೆಂದು ರಿಸೆಪ್ಶನ್ನಿನ ಹುಡುಗಿಗೆ ಅವಳೇ ಹೇಳಿ ಹೊರಟಳು. ನಾದಿನಿ ಹಿಂದೆ ಬಂದಳು. ಸಮುದ್ರವನ್ನು, ದೋಣಿಯ ಸಮೇತ, ತೆಗೆದುಹಾಕಿದ್ದೇನೆ.

5

(ನಾಲ್ಕರಲ್ಲಿ ಬೀದಿಯ ವರ್ಣನೆ ಇತ್ತು. ಬಹಳ ಚೆನ್ನಾಗಿತ್ತು. ನೀವು ಹೇಗೂ ಬಿಟ್ಟು ಮುಂದೆ ಹೋಗುತ್ತಿದ್ದಿರಿ.)

ಎರಡನೆಯದು ಸ್ಟೇಷನ್ನಿನ ಹತ್ತಿರ. ಟೈ ಕಟ್ಟಿದ ಮ್ಯಾನೇಜರ್ ಒಂದು ರೂಮು ತೋರಿಸಿ, ಪಕ್ಕದ ರೂಮಿನ ಬೀಗದಕೈ ತರಲು ಕೆಳಗೆ ಹೋದ. ಅಷ್ಟು ಹೊತ್ತು ಸಾಕಾಯಿತು.

ಅತ್ತಿಗೆ ಹಾಸಿಗೆಯ ನಾಲ್ಕು ಮೂಲೆಯನ್ನೂ ಮುಷ್ಟಿಯಿಂದ ಒತ್ತಿ ನೋಡಿದಳು. ಒಂದು ಕಡೆ ಕೈ ಒಳಗೆ ಇಳಿಯಿತು. ಹುಬ್ಬು ಗಂಟಿಕ್ಕಿಕೊಂಡು ಹಾಸಿಗೆಯನ್ನು ಮಗುಚಿದಳು, ಚೀಲದಿಂದ ಬ್ಲೇಡು ತೆಗೆದು ಅಂಚಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿದಳು. ಕಿಟಕಿಯ ಬಳಿ ಮುಖ ಊದಿಸಿಕೊಂಡು ನಿಂತಿದ್ದ ನಾದಿನಿ, ಯಾರೂ ಕರೆಯದೆಯೇ ಬಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅತ್ತಿಗೆ ಕೈ ಹಾಕಿ ಒಳಗಿದ್ದದ್ದನ್ನು ಒಂದು ಹಿಡಿ ಹೊರಗೆಳೆದಳು. ಹಳೆಯ ಸ್ಪಂಜಿನ ಪುಡಿ, ಬಣ್ಣಬಣ್ಣದ ಬಟ್ಟೆಯ ಚೂರು.

“ಚಿಂದಿ,” ಎಂದರು ಇಬ್ಬರೂ.

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ. ಅವನ ಕಣ್ಣಿನಿಂದ ಒಮ್ಮೆ ನೋಡಿ: ರೂಮು ಕೇಳಿಕೊಂಡು ಬಂದ ಇಬ್ಬರು ಹೆಂಗಸರು ಹೋಟೆಲಿನ ಹಾಸಿಗೆಯ ಹೊಟ್ಟೆ ಬಗೆದು ಕರುಳು ಹೊರಗೆಳೆದಿದ್ದಾರೆ. ಒಳಗೇನಿದೆ ನೋಡದೆ ಮಲಗೋದು ಹೇಗೆ ಎಂದು ಅತ್ತಿಗೆ, ಲೋಕದಲ್ಲಿ ಎಲ್ಲರೂ ಹೀಗೇ ಹೋಟೆಲು ಆರಿಸುತ್ತಾರೇನೋ ಎಂಬ ಹಾಗೆ ಕೇಳಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು, ಹಾಸಿಗೆಯನ್ನೇ ಸೀಳಿ ನೋಡು ಎಂದು ಯಾವ ಗಾದೆಯೂ ಹೇಳಿಲ್ಲ. ತಪ್ಪು ಇವರದೇ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಹಾಗೆ, ಇಬ್ಬರೂ ಗಡಿಬಿಡಿಯಲ್ಲಿ ಅದನ್ನು ಹೊಲಿದುಕೊಟ್ಟರು. ಚೀಲದಲ್ಲಿ ಇದ್ದದ್ದು ಕೆಂಪು ದಾರ, ಹಾಸಿಗೆ ಬಿಳಿ. ಮ್ಯಾನೇಜರ್ ಅದನ್ನೂ ನೋಡಿದ, ಇವರನ್ನೂ ನೋಡಿದ, ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

ಲಿಫ್ಟಿನಲ್ಲಿ ನಾದಿನಿಯ ತುಟಿ ನಡುಗಿತು. ನಗು ಬರುತ್ತಿತ್ತು, ಅದನ್ನು ಕಷ್ಟಪಟ್ಟು ನುಂಗಿಕೊಂಡಳು. ಅತ್ತಿಗೆ ಅದನ್ನು ನೋಡಿಯೂ ನೋಡದ ಹಾಗೆ ಮಹಡಿಯ ನಂಬರುಗಳನ್ನೇ ನೋಡುತ್ತಿದ್ದಳು. ಎದೆ ಮಾತ್ರ ಹಗುರಾಗಿತ್ತು. ಆ ಕೈಗಳು ಇನ್ನೂ ತನ್ನ ಕೈಯನ್ನು ಮರೆತಿಲ್ಲ ಎಂದುಕೊಂಡಳು.

6

ಕಥೆಯನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೆ. ಲಿಫ್ಟು ಕೆಳಗಿಳಿಯುತ್ತದೆ, ನಗು ಮೇಲೇರುತ್ತದೆ, ಸೊಗಸಾಗಿರುತ್ತದೆ. ಆದರೆ ರಾತ್ರಿ ಇವರು ಮಲಗುವುದೆಲ್ಲಿ? ಆದ್ದರಿಂದ ಮೂರನೆಯ ಹೋಟೆಲನ್ನು ನಾನೇ ಮುತುವರ್ಜಿಯಿಂದ ಕಟ್ಟಿದೆ. ತಿಂಗಳುಗಟ್ಟಲೆ ಇರುವವರಿಗೆಂದೇ ಮಾಡಿದ್ದು. ಎರಡು ರೂಮು, ಗಾಳಿ ಬರುವ ಕಿಟಕಿ, ಮೂಲೆಯಲ್ಲಿ ಒಲೆ, ಪಾತ್ರೆ ತೊಳೆಯುವ ಸಿಂಕು. ಮತ್ತು, ಇದಕ್ಕೆ ನೀವು ನನ್ನ ಬೆನ್ನು ತಟ್ಟಬೇಕು, ಎರಡು ರೂಮಿನ ನಡುವೆ ಒಂದು ಬಾಗಿಲು! ಬೇಕಾದರೆ ತೆರೆದುಕೊಳ್ಳಬಹುದು, ಬೇಡದಿದ್ದರೆ ಮುಚ್ಚಿಕೊಳ್ಳಬಹುದು. ಇಂಥ ಸಂಕೇತ ಸಿಕ್ಕಿದರೆ ಯಾವ ಕಥೆಗಾರ ಬಿಡುತ್ತಾನೆ?

ಚಿಲಕ ಯಾವ ಕಡೆಗಿದೆ ಎಂದು ನಾದಿನಿ ಕೇಳಿದಳು. ನಾನು ಯೋಚಿಸಿರಲಿಲ್ಲ. ತಡಕಾಡಿ ಒಂದು ಚಿಲಕವನ್ನು ಅತ್ತಿಗೆಯ ರೂಮಿನ ಕಡೆಗೆ ಇಟ್ಟುಬಿಟ್ಟೆ.

ಅತ್ತಿಗೆಗೆ ಜಾಗ ನೋಡಿದ್ದೇ ತಡ, ಮನಸ್ಸು ತುಂಬಿತು. ಒಲೆ ಹೊತ್ತಿಸಿ ನೋಡಿದಳು, ಕಿಟಕಿ ತೆಗೆದು ನೋಡಿದಳು, ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿ ನೋಡಿ (ಬ್ಲೇಡನ್ನು ನಾನು ಮೊದಲೇ ಚೀಲದ ತಳಕ್ಕೆ ಸೇರಿಸಿದ್ದೆ) ತಲೆಯಾಡಿಸಿದಳು. ಕೆಳಗಿಳಿದು ಹೋಗಿ ಕೌಂಟರಿನಲ್ಲಿ, ಇದೇ ಆಯಿತು, ಈ ರೂಮು ನನಗೆ, ಆ ರೂಮು ಅವಳಿಗೆ ಎಂದಳು.

ತಿರುಗಿ ನೋಡಿದರೆ ನಾದಿನಿ ಚೀಲ ಹೆಗಲಿಗೇರಿಸಿಕೊಂಡು ಸ್ಟೇಷನ್ನಿನ ದಿಕ್ಕಿಗೆ ಹೊರಟಿದ್ದಳು.

ನಂಬರಿಲ್ಲದ ಭಾಗ

ಗಾಬರಿಯಾದದ್ದು ಮೊದಲು ನನಗೆ. ರೈಲನ್ನು ತಡ ಮಾಡಿಸಿದೆ. ಕಾಯುತ್ತೇನೆ ಎಂದಳು. ರೈಲನ್ನೇ ರದ್ದು ಮಾಡಿದೆ. ಬಸ್ಸಿಗೆ ಹೋಗುತ್ತೇನೆ ಎಂದಳು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗುವ ಹಾಗೆ ಮಾಡಿದೆ. ಅವಳು ಮೆತ್ತೆ ಹೊಲಿಯುವವಳು. ಫುಟ್‌ಪಾತಿನ ಅಂಚಿನಲ್ಲಿ ಕೂತು ಅದನ್ನು ಹೊಲಿದುಕೊಂಡಳು. ಹೊಲಿಯುತ್ತಲೇ ನನ್ನ ಕಡೆ ನೋಡಿದಳು.

“ಬೆಳಿಗ್ಗೆಯಿಂದ ನೋಡ್ತಿದ್ದೀನಿ. ಈ ಹೋಟೆಲು, ಆ ಹೋಟೆಲು, ಸಮುದ್ರ, ಬಾಗಿಲು ಅಂತ ನೀವೇ ಇಡ್ತೀರ, ನೀವೇ ತೆಗೀತೀರ. ಅತ್ತಿಗೆಗೆ ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ನಾನೂ ಇದೇ ಕಥೇಲಿ ಇದ್ದೀನಿ ಅಲ್ವಾ?”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೀವೇ ಹಿಂದಕ್ಕೆ ತಿರುಗಿಸಿ ನೋಡಿ. ಇಷ್ಟು ಪುಟಗಳಲ್ಲಿ ಮಿಕ್ಕೆಲ್ಲರ ಮನಸ್ಸಿನೊಳಗೂ ಹೊಕ್ಕು ಬಂದಿದ್ದೇನೆ, ಹಾಸಿಗೆಯ ಒಳಗನ್ನೂ ಬಿಟ್ಟಿಲ್ಲ. ನಾದಿನಿಗೇನು ಬೇಕು ಎಂದು ಒಂದು ಸಾಲೂ ಬರೆದಿಲ್ಲ.

ಅಷ್ಟರಲ್ಲಿ ಅತ್ತಿಗೆ ಏದುಸಿರು ಬಿಡುತ್ತಾ ಬಂದಳು. ಮಂಡಿನೋವಿದ್ದರೂ ಓಡಿಬಂದಿದ್ದಳು. ಜಾಗದಲ್ಲಿ ಏನು ಕಮ್ಮಿಯಾಯಿತು, ಒಲೆ ಇರಲಿಲ್ಲವೇ, ಕಿಟಕಿ ಇರಲಿಲ್ಲವೇ ಎಂದು ಶುರು ಮಾಡಿದಳು. ನಾದಿನಿ ಹಲ್ಲಿನಿಂದ ದಾರ ಕಡಿದು, ತಲೆ ತಗ್ಗಿಸಿಕೊಂಡೇ ಹೇಳಿದಳು.

“ಅಣ್ಣ ಹೋದ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಅಂತ ಬಂದೆ ಅತ್ತಿಗೆ. ಅಂಗಡಿಗೆ ಬೀಗ ಹಾಕಿತ್ತು. ಮುಚ್ಚಿಬಿಟ್ರಿ ಅಂತ ಪಕ್ಕದ ಅಂಗಡಿಯವರು ಹೇಳಿದ್ರು. ಅಂಗಡಿ ನಿಮ್ದೇ, ಮುಚ್ಚೋದೂ ನಿಮ್ಮಿಷ್ಟ. ಆದ್ರೆ ಒಂದು ಮಾತು ನನ್ನ ಕೇಳಬಹುದಿತ್ತು. ಹೋಗಿದ್ದು ನನಗೂ ಅಣ್ಣನೇ ಅಲ್ವಾ?”

ಇಲ್ಲಿ ನಾನು ಅತ್ತಿಗೆಗೆ ಒಂದು ಉದ್ದನೆಯ ಮಾತು ಬರೆದುಕೊಟ್ಟೆ. ದುಃಖ, ಕತ್ತಲು, ಒಂಟಿತನ ಎಲ್ಲ ಇತ್ತು. ಅವಳು ಅದನ್ನು ಓದಿ ಪಕ್ಕಕ್ಕಿಟ್ಟಳು. ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡ ನೆವಗಳೇ ಅದರಲ್ಲೂ ಇದ್ದವು. ಆ ಬೆಳಿಗ್ಗೆ ಬೀಗದ ಮುಂದೆ ಚೀಲ ಹಿಡಿದು ನಿಂತ ಈ ಹುಡುಗಿಯನ್ನು ಅವಳು ಒಂದು ಸಲವೂ ನೆನೆದಿರಲಿಲ್ಲ. ಈಗ ನೆನೆದಳು.

“ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ ಕಣೆ,” ಎಂದಳು. “ಹೊಳೀಬೇಕಿತ್ತು.” ಫುಟ್‌ಪಾತಿನ ಮೇಲೆ ಅವಳ ಪಕ್ಕದಲ್ಲೇ ಕೂತಳು. “ಈಗ ಕೇಳ್ತೀನಿ. ನಿನಗೆ ಎಲ್ಲಿರಬೇಕು ಅನ್ಸುತ್ತೆ?”

ನಾದಿನಿ ಹೊಲಿದ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡಳು. ಈ ಸಲ ನಾನು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಅವಳೇ ನಿಧಾನವಾಗಿ ಹೇಳತೊಡಗಿದಳು. ಥಿಯೇಟರಿನ ಹಿಂದಿನ ಬೀದಿಯಲ್ಲಿ, ಲಾಂಡ್ರಿಯ ಮೇಲೆ ಒಂದು ಹೋಟೆಲಿದೆಯಂತೆ. ಸ್ಟೇಷನ್ನಿನಿಂದ ನಡೆದು ಬರುವಾಗ ಕಂಡಿದ್ದಂತೆ. ಅಲ್ಲಿರುವವರೆಲ್ಲ ಕೆಲಸಕ್ಕೆಂದು ಬಂದವರಿರಬೇಕು, ಒಂದೊಂದು ಕಿಟಕಿಯಲ್ಲೂ ಒಂದೊಂದು ಬಗೆಯ ಕೆಲಸದ ಬಟ್ಟೆ ಒಣಹಾಕಿದ್ದರಂತೆ. ಅಂಥ ಕಡೆ ಇದ್ದರೆ ಸಂಜೆ ಬಂದಾಗ ಮನೆಗೆ ಬಂದ ಹಾಗಿರುತ್ತದೆ ಎನ್ನಿಸಿತಂತೆ. ಇದನ್ನು ನಾನು ಕಟ್ಟಿದ್ದಲ್ಲ, ಆ ಬೀದಿ ನನ್ನ ಕಥೆಯಲ್ಲಿ ಇರಲೇ ಇಲ್ಲ.

ಮೆಟ್ಟಿಲು ಬಹಳವೇ, ತನ್ನ ಮಂಡಿ ಕೇಳುವುದಿಲ್ಲವಲ್ಲ ಎಂದಳು ಅತ್ತಿಗೆ. ಕೆಳಗಿನ ಮಹಡಿ ಕೇಳೋಣ ಎಂದಳು ನಾದಿನಿ. ಲಾಂಡ್ರಿಯ ಸದ್ದು ಬರುತ್ತದಲ್ಲ ಎಂದಳು ಅತ್ತಿಗೆ. ನಿಮ್ಮ ಗೊರಕೆಗಿಂತ ಜಾಸ್ತಿಯೇ ಎಂದಳು ನಾದಿನಿ. ಹೀಗೆ ವಾದ ಮಾಡುತ್ತಲೇ ಇಬ್ಬರೂ ಎದ್ದು, ಸ್ಟೇಷನ್ನಿಗೆ ಬೆನ್ನು ಹಾಕಿ ನಡೆದರು.

7

ದಾರಿಯುದ್ದಕ್ಕೂ ನಾನು ಕೊನೆಗಳನ್ನು ಹಿಡಿದುಕೊಂಡು ಹಿಂದೆ ಓಡಿದೆ.

ಒಂದು: ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. (ಅಳೋದಕ್ಕೆ ಇದೇನು ಸಿನಿಮಾನಾ ಎಂದಳು ಅತ್ತಿಗೆ.)

ಎರಡು: ಥಿಯೇಟರು ತೆರೆದ ದಿನ ತಾವೇ ಹೊಲಿದ ಕುರ್ಚಿಗಳಲ್ಲಿ, ಮೊದಲ ಸಾಲಿನಲ್ಲಿ, ಜೊತೆಯಾಗಿ ಕೂರುತ್ತಾರೆ. (ಮೊದಲು ಕುರ್ಚಿ ಹೊಲಿಯೋಕೆ ಬಿಡಿ ಎಂದಳು ನಾದಿನಿ.)

ಮೂರನೆಯದರಲ್ಲಿ ಮತ್ತೆ ಜಗಳವಾಗುತ್ತಿತ್ತು. ಅದನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ಆಗುತ್ತೆ, ಆದರೆ ಆಡಿ ಮುಗಿಸುತ್ತೇವೆ ಎಂದರು.

ಲಾಂಡ್ರಿಯ ಪಕ್ಕದ ಬಾಗಿಲಿನಿಂದ ಒಳಗೆ ಹೋದರೆ ಸಣ್ಣ ಕೌಂಟರು, ಇಸ್ತ್ರಿಯ ಬಿಸಿವಾಸನೆ. ಕನ್ನಡಕ ಹಾಕಿದ ಯಜಮಾನಿ ತಲೆಯೆತ್ತಿ, ಒಂದು ರೂಮೋ ಎರಡೋ, ಎಷ್ಟು ದಿನಕ್ಕೆ ಎಂದು ಅತ್ತಿಗೆಯನ್ನೇ ಕೇಳಿದಳು. ಹಿರಿಯಳು ಅವಳೇ ತಾನೆ. ಅತ್ತಿಗೆ ಅಭ್ಯಾಸಬಲದಿಂದ ಬಾಯಿ ತೆರೆದಳು. ತೆರೆದ ಬಾಯನ್ನು ಹಾಗೇ ಮುಚ್ಚಿದಳು.

“ಇವಳನ್ನ ಕೇಳಿ,” ಎಂದಳು.

ನಾದಿನಿ ಹೆಗಲ ಮೇಲಿನ ಚೀಲ ಇಳಿಸಿ ನೆಲದ ಮೇಲಿಟ್ಟು ಯೋಚನೆ ಮಾಡುತ್ತಿದ್ದಾಳೆ. ಅವಳ ಉತ್ತರ ಹೀಗಿರಬೇಕೆಂದು ನಾನು ಬರೆದಿಟ್ಟುಕೊಂಡದ್ದು ಒಂದಿತ್ತು, ಹರಿದುಹಾಕಿದ್ದೇನೆ. ಅತ್ತಿಗೆ ಕಾಯುತ್ತಿದ್ದಾಳೆ, ಯಜಮಾನಿ ಕಾಯುತ್ತಿದ್ದಾಳೆ, ನಾನೂ ಪೆನ್ನಿಗೆ ಟೊಪ್ಪಿ ಹಾಕಿ ಕಾಯುತ್ತಿದ್ದೇನೆ. ಅವಸರ ಯಾರಿಗೂ ಇಲ್ಲ. ಓದುಗರೇ, ನೀವೂ ಮಾಡಬೇಡಿ.