ಎಡಕ್ಕೆ ವಾಲಿದ ಮೀಸೆ

ಗೋಡೆಯ ಮೇಲಿನ ಫೋಟೋ ಕೊಂಚ ಸೊಟ್ಟಗಿದ್ದರೂ ದೊಡ್ಡ ಸೊಸೆಗೆ ತಡೆಯಲಾಗುತ್ತಿರಲಿಲ್ಲ. ಯಾರದೇ ಮನೆಗೆ ಹೋಗಲಿ, ಹಲ್ಲಿನ ಡಾಕ್ಟರ ಬಳಿ ದವಡೆ ಊದಿಸಿಕೊಂಡು ಕೂತಿರಲಿ, ಮೊದಲು ಎದ್ದು ಹೋಗಿ ಫ್ರೇಮನ್ನು ನೆಟ್ಟಗೆ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆಯೇ ಬಂದ ಕೆಲಸ. ಅವಳದೂ ಅವಳ ಗಂಡನದೂ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಗಂಡ ಗಾಜು ಕೊಯ್ಯುತ್ತಿದ್ದ, ಮರದ ಪಟ್ಟಿ ಜೋಡಿಸುತ್ತಿದ್ದ. ಕಾಗದ, ರಟ್ಟು, ಬಟ್ಟೆ ಕತ್ತರಿಸುವುದೆಲ್ಲ ಅವಳ ಪಾಲಿಗೆ. ಅವಳ ಕೈಯಲ್ಲಿ ಬ್ಲೇಡ್ ಇದ್ದರೆ ಗೆರೆ ಎಳೆಯುವುದೇ ಬೇಡ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. "ಇವಳು ನನ್ನ ಮದುವೆ ಆಗಿದ್ದೇ ನನ್ನ ಮೂಗು ನೆಟ್ಟಗಿದೆ ಅಂತ" ಎಂದು ಗಂಡ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ.

ಇಷ್ಟು ನೆಟ್ಟನೆಯ ಹೆಂಗಸಿನ ಹೊಟ್ಟೆಯಲ್ಲಿ ಒಂದು ಕಿಚ್ಚಿತ್ತು. ಅದರ ಹೆಸರು ಚಿಕ್ಕ ಸೊಸೆ.

ಚಿಕ್ಕ ಸೊಸೆ ಪಾಪದವಳೇ. ನಕ್ಕರೆ ಹಲ್ಲೆಲ್ಲ ಕಾಣುವ, ಮನಸ್ಸಿನಲ್ಲಿದ್ದದ್ದು ಮನಸ್ಸಿಗೆ ಬರುವ ಮೊದಲೇ ಬಾಯಿಗೆ ಬರುವ ಹೆಣ್ಣು. ಅವಳ ಗಂಡ, ಅಂದರೆ ನಮ್ಮ ದೊಡ್ಡ ಸೊಸೆಯ ಮೈದುನ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಮೇಲೆ ಹೊಟ್ಟೆ ಉರಿದುಕೊಳ್ಳುವಂಥದ್ದು ಏನಿತ್ತು ಎಂದರೆ, ಒಂದು ತಗಡಿನ ಡಬ್ಬಿ ಇತ್ತು.

ಆ ಡಬ್ಬಿ ಮಾವನದು. ಆ ಫ್ರೇಮ್ ಅಂಗಡಿ ಕಟ್ಟಿದ್ದೂ ಅವರೇ. ಅವರಿಗೆ ಫುಟ್‌ಬಾಲ್ ಹುಚ್ಚು. ಆ ಕಾಲದಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಒಬ್ಬೊಬ್ಬ ಆಟಗಾರನ ಚಿತ್ರವಿರುವ ಕಾರ್ಡು ಬರುತ್ತಿತ್ತು. ಮಾವ ಕಾರ್ಡಿನ ಆಸೆಗೆ ಅಗಿದೂ ಅಗಿದೂ ಎರಡು ದವಡೆ ಹಲ್ಲು ಕಳೆದುಕೊಂಡರು, ಆದರೆ ಡಬ್ಬಿ ತುಂಬಿಸಿದರು. ಡಬ್ಬಿಯ ರಾಜ ಒಬ್ಬ ಗೋಲ್‌ಕೀಪರ್. ಪೊರಕೆಯಂಥ ಮೀಸೆ ಇದ್ದದ್ದರಿಂದ ಮನೆಯಲ್ಲಿ ಎಲ್ಲರೂ ಅವನನ್ನು 'ಮೀಸೆ' ಎಂದೇ ಕರೆಯುತ್ತಿದ್ದರು. ಅಚ್ಚು ಹಾಕುವಾಗ ಕಾಗದ ಜರುಗಿ, ಅವರ ಕಾರ್ಡಿನಲ್ಲಿ ಮೀಸೆ ಎಡಕ್ಕೆ ವಾಲಿಕೊಂಡು ನಿಂತಿದ್ದ. ಯಾಕಪ್ಪ ಇವನು ಹೀಗೆ ಎಂದು ಮಕ್ಕಳು ಕೇಳಿದರೆ ಮಾವ, "ಚೆಂಡು ಆ ಕಡೆಗೇ ಬರುತ್ತೆ ಅಂತ ಇವನಿಗೆ ಮೊದಲೇ ಗೊತ್ತು ಕಣ್ರೋ" ಎನ್ನುತ್ತಿದ್ದರು. ಅದನ್ನು ನಂಬಿ ದೊಡ್ಡ ಮಗ ಬೀದಿ ಆಟದಲ್ಲಿ ಸದಾ ಎಡಕ್ಕೆ ವಾಲಿ ನಿಂತು, ಬಲಗಡೆಯಿಂದ ಗೋಲು ಹೊಡೆಸಿಕೊಂಡು ಬರುತ್ತಿದ್ದನಂತೆ.

ಮಾವ ಹೋದ ಮೇಲೆ ಮಾತು ಪಾಲಿಗೆ ಬಂತು. ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಡಬ್ಬಿ. "ಅಣ್ಣ ಯಾವುದು ಬೇಕೋ ಆರಿಸ್ಕೊಳ್ಳಲಿ" ಎಂದ ಮೈದುನ. ಗಂಡ ಡಬ್ಬಿಯನ್ನೇ ನೋಡುತ್ತ ಕೂತ. ಅವನ ಬಾಯಿಂದ ಎಲ್ಲಿ ಏನು ಬಂದುಬಿಡುತ್ತೋ ಎಂದು ದೊಡ್ಡ ಸೊಸೆ ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು. "ಅಂಗಡಿ ನಮಗಿರ್ಲಿ. ಆ ಕಾಗದದ ಚೂರುಗಳನ್ನ ಅವರೇ ಇಟ್ಕೊಳ್ಳಲಿ." ಆರಿಸಿದವಳು ಅವಳೇ. ಮುಂದೆ ಉರಿದದ್ದೆಲ್ಲ ಅದಕ್ಕೇ.

ಯಾಕೆಂದರೆ, ಕೆಲವು ವರ್ಷ ಕಳೆಯುವಷ್ಟರಲ್ಲಿ ಜನಕ್ಕೆ ಅದೇನು ದೆವ್ವ ಹಿಡಿಯಿತೋ, ಹಳೆಯ ಕಾರ್ಡುಗಳನ್ನು ಆನ್‌ಲೈನ್ ಹರಾಜಿನಲ್ಲಿ ಬಡಿದಾಡಿಕೊಂಡು ಕೊಳ್ಳಲು ಶುರು ಮಾಡಿದರು. ಮೀಸೆಯ ಕಾರ್ಡುಗಳು ಉಳಿದಿದ್ದದ್ದೇ ಬೆರಳೆಣಿಕೆಯಷ್ಟು. ಒಂದು ದಿನ ಚಿಕ್ಕ ಸೊಸೆ ಫೋನ್ ಹಿಡಿದುಕೊಂಡು ಅಂಗಡಿಗೆ ಓಡಿಬಂದಳು.

"ಅಕ್ಕಾ, ನಮ್ಮ ಮೀಸೆಯಂಥದ್ದೇ ಒಂದು ಕಾರ್ಡು ಹರಾಜಲ್ಲಿ ಒಂದು ಮನೆ ಬೆಲೆಗೆ ಹೋಯ್ತಂತೆ! ಮನೆ ಅಕ್ಕಾ, ಮನೆ!"

"ಓಹೋ, ಒಳ್ಳೇದಾಯ್ತು ಬಿಡು" ಎಂದಳು ದೊಡ್ಡ ಸೊಸೆ. ಆ ದಿನ ಅವಳು ಕತ್ತರಿಸಿದ ಮೂರು ರಟ್ಟುಗಳೂ ಅಳತೆ ತಪ್ಪಿದವು.

ಅಲ್ಲಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಚಿಕ್ಕ ಸೊಸೆ ಹೊಸ ಚಪ್ಪಲಿ ಹಾಕಿಕೊಂಡರೆ ಮೀಸೆಯ ದುಡ್ಡು, ಪರದೆ ಬದಲಾಯಿಸಿದರೆ ಮೀಸೆಯ ದುಡ್ಡು. ಕಾರ್ಡು ಡಬ್ಬಿಯಲ್ಲೇ ಇದೆ, ಮಾರಿಲ್ಲ ಎಂದು ಗೊತ್ತಿದ್ದರೂ ಅಷ್ಟೇ. ಯಾರಿಗೂ ಹೇಳದೆ ಫೋನಿಗೆ ಹರಾಜಿನ ಆ್ಯಪ್ ಹಾಕಿಕೊಂಡಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕನ್ನಡಕ ಏರಿಸಿ ಅದನ್ನೇ ನೋಡುತ್ತ ನೋಡುತ್ತ ಆ ವಿದ್ಯೆಯನ್ನೆಲ್ಲ ಅರೆದು ಕುಡಿದಳು. ಮೂಲೆ ಮಡಿಸಿದ್ದರೆ ಬೆಲೆ ಎಷ್ಟು ಇಳಿಯುತ್ತದೆ, ಕಲೆ ಇದ್ದರೆ ಎಷ್ಟು, ಎಲ್ಲ ಬಾಯಿಪಾಠ. ಎಲ್ಲಕ್ಕಿಂತ ಕೆಟ್ಟದ್ದು ಅಂಚು ಕತ್ತರಿಸಿದ ಕಾರ್ಡು. ಅಳತೆಯಲ್ಲಿ ಕೂದಲೆಳೆ ಕಡಿಮೆ ಬಂತೆಂದರೆ ಎಂಥ ರಾಜನ ಕಾರ್ಡಾದರೂ ಮೂರು ಕಾಸಿಗೂ ಬಾಳುತ್ತಿರಲಿಲ್ಲ.

ಆಮೇಲೆ ದೇವರು ಕಣ್ಣು ಬಿಟ್ಟ. ಅಂದರೆ ಅವಳಿಗೆ ಹಾಗನ್ನಿಸಿತು. ಕಾರ್ಡಿನ ಹುಚ್ಚು ಬಂದಷ್ಟೇ ಬೇಗ ಇಳಿಯತೊಡಗಿತು. ಅಟ್ಟ ಹುಡುಕಿದವರೆಲ್ಲ ಕಾರ್ಡು ತಂದು ಹರಾಜಿಗೆ ಸುರಿದರು, ಕೊಳ್ಳುವವರು ಕೈ ಕಟ್ಟಿ ಕೂತರು. ಮನೆ ಬೆಲೆಯ ಮೀಸೆ ಕಾರಿನ ಬೆಲೆಗೆ ಬಂದ. ಕಾರಿನಿಂದ ಸ್ಕೂಟರಿಗೆ ಇಳಿದ. ಸ್ಕೂಟರಿಗೆ ಬಂದ ದಿನ ದೊಡ್ಡ ಸೊಸೆಗೆ ಹಾಲು ಕುಡಿದಷ್ಟು ಸಂತೋಷ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಹಾಡು ಗುನುಗಿದಳು.

"ಏನೇ, ಇವತ್ತು ಭಾರಿ ಖುಷಿಯಲ್ಲಿದ್ದೀಯ?" ಎಂದ ಗಂಡ.

"ಯಾಕೆ, ಖುಷಿಯಾಗಿರ್ಬಾರ್ದಾ? ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?" ಎಂದಳು.

ಆದರೆ ಚಿಕ್ಕ ಸೊಸೆಯ ಮುಖ ಸಪ್ಪಗಾಗಬೇಕಲ್ಲ, ಆಗಲೇ ಇಲ್ಲ! ದೊಡ್ಡ ಸೊಸೆ ನೆಪ ಮಾಡಿಕೊಂಡು ಅವರ ಮನೆಗೆ ಹೋಗಿ, "ಪಾಪ, ಮೀಸೆ ಹೀಗೆ ಬಿದ್ದುಹೋದ್ನಲ್ಲೇ" ಎಂದು ಲೊಚಗುಟ್ಟಿದರೆ ಆ ಹೆಣ್ಣು ಕಿಲಕಿಲ ನಕ್ಕಿತು. "ಬಿದ್ರೆ ಬೀಳ್ಲಿ ಬಿಡಿ ಅಕ್ಕ. ಇವತ್ತು ಬಿದ್ದೋನು ನಾಳೆ ಎದ್ದಾನು. ಏಳದಿದ್ರೂ ನಮ್ಮ ಗಂಟೇನು ಹೋಗುತ್ತೆ?" ಬೆಲೆ ಏರಿದಾಗ ಉರಿದದ್ದಕ್ಕಿಂತ ಈ ನಗುವಿಗೆ ದೊಡ್ಡ ಸೊಸೆ ಹೆಚ್ಚು ಉರಿದಳು. ನಾಳೆ ಎದ್ದಾನು ಎಂಬ ಮಾತು ಅವಳ ಕಿವಿಯೊಳಗೇ ಉಳಿದುಬಿಟ್ಟಿತು.

ಅದಾಗಿ ಸ್ವಲ್ಪ ದಿನಕ್ಕೆ, ಗಂಡ ಯಾರದೋ ಕಿಟಕಿಗೆ ಗಾಜು ಕೂರಿಸಲು ಹೋಗಿದ್ದ ಹೊತ್ತಿನಲ್ಲಿ, ಚಿಕ್ಕ ಸೊಸೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಕತ್ತರಿಸುವ ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಮೀಸೆ. ಎಡಕ್ಕೆ ವಾಲಿಕೊಂಡು, ಚೆಂಡಿಗೆ ಕಾಯುತ್ತ ನಿಂತಿದ್ದಾನೆ.

"ಇದಕ್ಕೊಂದು ಒಳ್ಳೆ ಫ್ರೇಮ್ ಹಾಕ್ಕೊಡಿ ಅಕ್ಕ. ನಿಮ್ಮ ಕೈಯಿಂದಾನೇ ಆಗ್ಬೇಕು. ಅಂಟು ಮಾತ್ರ ತಾಗಿಸ್ಬೇಡಿ ಅಂದಿದ್ದಾರೆ ಇವ್ರು. ಮತ್ತೆ..." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಭಾವನಿಗೆ ಹೇಳ್ಬೇಡಿ. ಅವ್ರ ಕಣ್ಣಿಗೆ ಬೀಳೋದು ಬೇಡ. ಭಾನುವಾರ ನಾವಿಬ್ರೂ ಬಂದು ತಗೊಂಡು ಹೋಗ್ತೀವಿ."

ಅವ್ರ ಕಣ್ಣಿಗೆ ಬೀಳೋದು ಬೇಡ! ಚಿಕ್ಕ ಸೊಸೆ ಹೋದ ಮೇಲೆ ದೊಡ್ಡ ಸೊಸೆ ಹಲ್ಲು ಕಡಿದಳು. ಅಂದರೇನು? ನನ್ನ ಗಂಡನ ಕಣ್ಣು ಕೆಟ್ಟದ್ದು ಅಂತಲೇ? ಸ್ವಂತ ಅಣ್ಣ ನೋಡಿದರೆ ಇವರ ಮೀಸೆ ಸವೆದುಹೋಗುತ್ತಾನೆಯೇ? ಅಪ್ಪನ ಕಾರ್ಡನ್ನು ಹುಡುಗನಾಗಿದ್ದಾಗ ಎದೆಗೊತ್ತಿಕೊಂಡು ಮಲಗುತ್ತಿದ್ದವನಿಂದ ಬಚ್ಚಿಡುತ್ತಾರಂತೆ! ಗೋಡೆಗೆ ನೇತುಹಾಕಿ ಬಂದವರ ಮುಂದೆಲ್ಲ ಮೆರೆಯಬೇಕಂತೆ, ಆ ಮೆರವಣಿಗೆಗೆ ನಾನೇ ಫ್ರೇಮ್ ಹಾಕಬೇಕಂತೆ.

ಫೋನ್ ತೆಗೆದು ಆ್ಯಪ್ ನೋಡಿದಳು. ಮೀಸೆ ಮೆಲ್ಲಗೆ ಮೇಲಕ್ಕೆ ಹೊರಟಿದ್ದ. ಸ್ಕೂಟರನ್ನು ದಾಟಿದ್ದ.

ಮೇಜಿನ ಮೇಲೆ ಉಕ್ಕಿನ ಪಟ್ಟಿ ಇತ್ತು, ಹೊಸ ಬ್ಲೇಡ್ ಇತ್ತು. ಕಾರ್ಡಿನ ಮೇಲೆ ಪಟ್ಟಿ ಇಟ್ಟಳು, ಅಳತೆ ನೋಡುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡು. ಚಿತ್ರ ವಾಲಿತ್ತು. ನಾಲ್ಕೂ ಅಂಚಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣಗಾಗುವ ಕೂದಲೆಳೆಯಷ್ಟು ತೆಗೆದರೆ ಮೀಸೆ ನೆಟ್ಟಗೆ ನಿಲ್ಲುತ್ತಿದ್ದ. ಅಂಚು ಹೋದದ್ದು ಯಾರ ಕಣ್ಣಿಗೂ ತಿಳಿಯುತ್ತಿರಲಿಲ್ಲ. ಹರಾಜಿನವರ ಅಳತೆಗೆ ಮಾತ್ರ ತಿಳಿಯುತ್ತಿತ್ತು. ಬಿದ್ದವನು ಇನ್ನೆಂದೂ ಏಳುತ್ತಿರಲಿಲ್ಲ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕತ್ತರಿಸಿದಳು. ನಾಲ್ಕು ಎಳೆಗಳನ್ನು ಊದಿ ನೆಲಕ್ಕೆ ಹಾರಿಸಿ, ಪೊರಕೆ ತಂದು ಗುಡಿಸಿದಳು. ಕಪ್ಪು ರಟ್ಟಿನ ನಡುವೆ ಮೀಸೆಯನ್ನು ಕೂರಿಸಿ ಗಾಜು ಮುಚ್ಚಿದಳು. ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿ ಕೂತಿದ್ದದ್ದು ಎದ್ದು ಹೋದಂತಾಗಿ, ಆ ದಿನ ಎರಡು ತುತ್ತು ಹೆಚ್ಚೇ ಉಂಡಳು.

ಭಾನುವಾರ ಮೈದುನ ಮತ್ತು ಚಿಕ್ಕ ಸೊಸೆ ಇಬ್ಬರೂ ಬಂದರು. ಗಂಡ ಅಂಗಡಿಯಲ್ಲೇ ಇದ್ದ. ಇವನ ಕಣ್ಣಿಗೆ ಬೀಳಬಾರದು ಅಂದವರು ಇವನಿರುವಾಗಲೇ ಯಾಕೆ ಬಂದರು ಎಂದು ದೊಡ್ಡ ಸೊಸೆ ಯೋಚಿಸುವಷ್ಟರಲ್ಲಿ, ಮೈದುನ ಅವಳ ಕೈಯಿಂದ ಪೊಟ್ಟಣ ಇಸಿದುಕೊಂಡು ಅಣ್ಣನ ಕೈಗೆ ಇಟ್ಟ.

"ಬಿಚ್ಚಿ ನೋಡಣ್ಣ."

ಗಂಡ ಕಾಗದ ಬಿಚ್ಚಿದ. ಮೀಸೆಯನ್ನು ನೋಡಿ, ತಲೆಯೆತ್ತಿ ತಮ್ಮನನ್ನು ನೋಡಿದ.

"ನಿನಗೇ ಅಣ್ಣ. ಅವತ್ತು ಪಾಲಾಗುವಾಗ ನೀನು ಡಬ್ಬಿ ನೋಡ್ತಾ ಕೂತಿದ್ದು ನಾನು ನೋಡಿದ್ದೆ. ಆಗ್ಲೇ ಕೊಡ್ಬೇಕಿತ್ತು. ಆಮೇಲೆ ಬೆಲೆ ಏರಿಬಿಡ್ತು. ಮನೆ ಬೆಲೆ ಇದ್ದಾಗ ಕೊಟ್ಟಿದ್ರೆ ನೀನು ತಗೋತಿದ್ಯಾ? ನಿನ್ನ ಹಟ ನಂಗೊತ್ತಿಲ್ವಾ? ಅದಕ್ಕೇ ಬೀಳ್ಲಿ ಅಂತ ಕಾಯ್ತಾ ಇದ್ದೆ. ಈಗ ಬಿದ್ದಿದೆ, ಸುಮ್ನೆ ತಗೋ."

"ದಿನಾ ಫೋನ್ ನೋಡಿ ಬಿತ್ತಾ ಬಿತ್ತಾ ಅಂತ ಕೇಳೋರು ಅಕ್ಕ!" ಚಿಕ್ಕ ಸೊಸೆ ಚಪ್ಪಾಳೆ ತಟ್ಟಿದಳು. "ಭಾವನಿಗೆ ಗೊತ್ತಾಗದ ಹಾಗೆ ಮಾಡೋಷ್ಟರಲ್ಲಿ ನನ್ನ ಬಾಯಿ ಕಟ್ಟಿ ಕಟ್ಟಿ ಸಾಕಾಯ್ತು!"

ನೆಲ ಬಾಯಿ ಬಿಡಬಾರದೇ ಎನ್ನಿಸಿತು ದೊಡ್ಡ ಸೊಸೆಗೆ. ಎರಡು ಮನೆಗಳಲ್ಲಿ ಕೂತು ಇಬ್ಬರು ಒಂದೇ ಬೆಲೆ ಬೀಳಲಿ ಎಂದು ಕಾದಿದ್ದರು. ಒಬ್ಬ ಕೊಡುವುದಕ್ಕೆ ಕಾದಿದ್ದ. ಇನ್ನೊಬ್ಬಳು ತಾನು.

ಗಂಡ ಕಣ್ಣೊರೆಸಿಕೊಂಡು ಫ್ರೇಮನ್ನು ಬೆಳಕಿಗೆ ಹಿಡಿದ. ಹಿಡಿದವನು ಹಾಗೆಯೇ ನಿಂತ. ಚಿಕ್ಕ ಸೊಸೆ ಅವನ ಹೆಗಲ ಪಕ್ಕದಿಂದ ಇಣುಕಿದಳು.

"ಅಯ್ಯೋ, ನೋಡ್ರೀ! ಅಕ್ಕನ ಕೈಗೆ ಬಂದಿದ್ದೇ ತಡ, ಮೀಸೆ ನೆಟ್ಟಗೆ ನಿಂತುಬಿಟ್ಟಿದ್ದಾನೆ! ಅದು ಹೇಗೆ ಮಾಡಿದ್ರಿ ಅಕ್ಕಾ?"

ಅದು ಹೇಗೆ ಮಾಡುತ್ತಾರೆ ಎಂದು ಆ ಅಂಗಡಿಯಲ್ಲಿ ತಿಳಿದವರು ಇಬ್ಬರೇ. ಗಂಡ ಹೆಂಡತಿಯ ಮುಖ ನೋಡಿದ. ಅವಳು ಕತ್ತರಿಸುವ ಮೇಜನ್ನು ನೋಡಿದಳು.

"ರಟ್ಟು ಚೆನ್ನಾಗಿ ಕತ್ತರಿಸಿದ್ದಾಳಮ್ಮ" ಎಂದ ಗಂಡ. "ಅದರಲ್ಲಿ ಹಾಗೆ ಕಾಣುತ್ತೆ."

ಅವರಿಬ್ಬರೂ ಚಹಾ ಕುಡಿದು, ನಗುನಗುತ್ತ ಹೋದರು. ಗಂಡ ಶಟರ್ ಅರ್ಧ ಇಳಿಸಿ ಬಂದ.

"ಎಷ್ಟು ತೆಗೆದೆ?"

"ಕೂದಲೆಳೆಯಷ್ಟು."

"ಯಾಕೆ?"

ಸೊಟ್ಟಗಿತ್ತು, ನನ್ನ ಕೈ ತಡೀಲಿಲ್ಲ ಎಂದಿದ್ದರೆ ಸಾಕಿತ್ತು. ಅವಳ ಸ್ವಭಾವ ಬಲ್ಲವನು ನಂಬಿಯೂ ಬಿಡುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅವನು ಇನ್ನೂ ಆ ಫ್ರೇಮನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

"ಅದರ ಬೆಲೆ ಮತ್ತೆ ಏಳಬಾರ್ದು ಅಂತ" ಎಂದಳು. "ಹೊಟ್ಟೆಕಿಚ್ಚು ರೀ. ಅವಳ ಮನೇಲಿರೋದನ್ನ ನನ್ನಿಂದ ನೋಡೋಕಾಗ್ಲಿಲ್ಲ."

ಗಂಡ ಬೈಯಲಿಲ್ಲ. ಬೈದಿದ್ದರೆ ಅವಳೂ ಎರಡು ಮಾತಾಡಿ ಹಗುರಾಗುತ್ತಿದ್ದಳು. "ಬೆಲೆ ಹಾಳಾಗ್ಲಿ. ಅವನು ವಾಲ್ಕೊಂಡಿರ್ತಿದ್ದ ಕಣೇ" ಎಂದ, ಅಷ್ಟೇ. ಕತ್ತರಿಸುವ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ಮೀಸೆಯನ್ನು ನೇತುಹಾಕಿದ. ಫ್ರೇಮ್ ನೂಲು ಹಿಡಿದಂತೆ ನೆಟ್ಟಗೆ ಕೂತಿತು. ಆಮೇಲೆ ಒಂದು ಬೆರಳಿನಿಂದ ಅದರ ಬಲಮೂಲೆಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದ. ಮೀಸೆ ಎಡಕ್ಕೆ ವಾಲಿದ.

"ಇದನ್ನ ಮುಟ್ಬೇಡ" ಎಂದು ಹೇಳಿ ಶಟರ್ ಎತ್ತಲು ಹೋದ.

ಆಮೇಲೊಂದು ದಿನ ಚಿಕ್ಕ ಸೊಸೆ ಮತ್ತೆ ಫೋನ್ ಹಿಡಿದುಕೊಂಡು ಓಡಿಬಂದಳು. "ಅಕ್ಕಾ! ಮೀಸೆ ಮತ್ತೆ ಎದ್ದ! ಕಾರಿನ ಬೆಲೆಯಂತೆ! ನಿಮ್ಮ ಅದೃಷ್ಟ ನೋಡಿ!" ಅವಳ ಮುಖದಲ್ಲಿ ಎಳ್ಳಷ್ಟೂ ಕಿಚ್ಚಿರಲಿಲ್ಲ. ದೊಡ್ಡ ಸೊಸೆ ಹುಡುಕಿ ಹುಡುಕಿ ನೋಡಿದಳು. ಅಂಥ ಮುಖ ಈ ಹೆಣ್ಣಿಗೆ ಹೇಗೆ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಅದಕ್ಕೂ ಹೊಟ್ಟೆ ಚುರುಕ್ ಎಂದಿತು.

"ಅಯ್ಯೋ, ಇದೇನು ಸೊಟ್ಟಗಿದೆ? ನೀವು ನೋಡೇ ಇಲ್ವಾ?" ಎನ್ನುತ್ತ ಚಿಕ್ಕ ಸೊಸೆ ಫ್ರೇಮಿಗೆ ಕೈ ಚಾಚಿದಳು.

"ಮುಟ್ಬೇಡ ಕಣೇ" ಎಂದಳು ದೊಡ್ಡ ಸೊಸೆ. "ಅವನು ಇರೋದೇ ಹಾಗೆ."

ಹೇಳಿ, ತಲೆ ತಗ್ಗಿಸಿ, ಕೈಯಲ್ಲಿದ್ದ ರಟ್ಟನ್ನು ಕತ್ತರಿಸತೊಡಗಿದಳು.